ಪುನರ್ಪುಳಿ ಬಣ್ಣದ ಹನ್ನೊಂದು ಅಂಗಿ

ಕ್ರೀಡಾಕೋಣೆಯ ಬೀಗದ ಕೈ ನನ್ನಲ್ಲಿ ಉಂಟು,
ಮೂವತ್ತೊಂದು ವರ್ಷದಿಂದ.
ಚೆಂಡಿಗೆ ಗಾಳಿ ಹಾಕುವುದು, ಬಲೆಯ ತೂತು ಹೊಲಿಯುವುದು,
ಆಟ ಬಿಟ್ಟ ಮೇಲೆ ಅಂಗಿ ಎಣಿಸಿ
ಬಾಲ್ದಿಯಲ್ಲಿ ನೆನೆಹಾಕುವುದು.
ಮೊದಲ ನೀರು ಯಾವಾಗಲೂ ಪುನರ್ಪುಳಿ ಶರಬತ್ತು.
ಬೆಲ್ಲ ಹಾಕಿದರೆ ನೆಂಟರಿಗೆ ಕೊಡಬಹುದು,
ಉಪ್ಪು ಹೇಗೂ ಉಂಟಲ್ಲ.

ಕಾಲೇಜಿನ ಕಾಗದದಲ್ಲಿ ಅದಕ್ಕೆ ಮರೂನ್ ಎಂದು ಹೆಸರು,
ಎದುರಾಳಿಗಳ ಬಾಯಲ್ಲಿ ಬೆಂದ ಬೀಟ್‌ರೂಟ್.
ಪ್ರತಿ ಹೊಲಿಗೆಗೂ ಥಾನು ಬೇರೆ, ಪ್ರತಿ ಬೇಸಗೆಗೂ ಬಿಸಿಲು ಬೇರೆ;
ಹನ್ನೊಂದನ್ನು ಹಗ್ಗದಲ್ಲಿ ಸಾಲಾಗಿ ಹಾಕಿದರೆ
ಹನ್ನೊಂದು ಬಗೆ.

ಈ ವರ್ಷ ಹಂಪನಕಟ್ಟೆಯ ಐಸ್‌ಕ್ರೀಮಿನ ಅಚ್ಯುತ ಬಾಳಿಗರು,
ನಮ್ಮದೇ ಹಳೆ ವಿದ್ಯಾರ್ಥಿ, ಹೊಸ ಜರ್ಸಿ ಕೊಟ್ಟರು:
ಕಪ್ಪು, ಪಕ್ಕೆಯಲ್ಲಿ ಗಿಳಿಹಸಿರು ಅಲೆ,
ಎದೆಯಲ್ಲಿ ಅವರ ಅಂಗಡಿಯ ಕೋನ್.
ಮುಟ್ಟಿದರೆ ಬಂಗುಡೆಯ ಬೆನ್ನಿನ ಹಾಗೆ ಜಾರುತ್ತದೆ.
ಹುಡುಗರು ತೊಟ್ಟುಕೊಂಡು ಕೋಣೆಯ ಒಡೆದ ಕನ್ನಡಿಯ ಮುಂದೆ
ಸರದಿಗೆ ನಿಂತರು.
ಕ್ಯಾಪ್ಟನ್ ಸಿನಾನ್, ಬೆಂಗ್ರೆಯಿಂದ ದೋಣಿಯಲ್ಲಿ ಬರುವವನು,
"ಇದರಲ್ಲಿ ನಾನು ನನಗಿಂತ ಬೇಗ ಓಡ್ತೇನೆ" ಎಂದ.

ಸುದ್ದಿ ಕೇಳಿ ಬೊನವೆಂಚರ್ ಸರ್ ಬಂದರು,
ಅರುವತ್ತೆಂಟನೇ ಇಸವಿಯ ಲೆಫ್ಟ್ ವಿಂಗರ್, ಈಗ ಊರುಗೋಲು.
ಬಗಲಲ್ಲಿ ಚೌಕಟ್ಟು ಹಾಕಿಸಿದ ಫೋಟೋ.
"ನೋಡಿ, ಇದು ಬಣ್ಣ! ಇದನ್ನು ತೆಗೆಯುವುದಾ?"
ಪಿ.ಡಿ. ಸರ್ ಕನ್ನಡಕ ಏರಿಸಿ ನೋಡಿದರು.
ಫೋಟೋ ಕಪ್ಪು ಬಿಳುಪು.
ಹನ್ನೊಂದು ಎದೆಯಲ್ಲೂ ಒಲೆಯ ಬೂದಿ.
ಅವರ ಬೆರಳು ಮಾತ್ರ ಗಾಜಿನ ಮೇಲೆ
ಕೆಂಪು ಮುಟ್ಟಿದ ಹಾಗೆ ನಡುಗುತ್ತಿತ್ತು.

ನನಗೆ ಗೊತ್ತಿದ್ದದ್ದನ್ನು ನಾನು ಹೇಳಲಿಲ್ಲ.
ಬಂದರಿನ ಟೈಲರ್ ಇದಿನಬ್ಬ ಸಾಯುವ ಮೊದಲು
ವೀಳ್ಯ ಜಗಿಯುತ್ತಾ ಹೇಳಿದ್ದು:
ಆರ್ಡರು ಇದ್ದದ್ದು ನೀಲಿಗೆ.
ಲಾರಿ ಘಾಟಿಯಲ್ಲಿ ಕೆಟ್ಟು ನಿಂತಿತು, ಬಟ್ಟೆ ಬರಲಿಲ್ಲ.
ಬೆಳಗಾದರೆ ಆಟ. ಅಂಗಡಿಯಲ್ಲಿ ಇದ್ದದ್ದು
ನಾಟಕದವರ ಪರದೆಗೆ ತಂದು ಉಳಿದ ಒಂದು ಥಾನು.
ಹನ್ನೊಂದು ಅಂಗಿ ಆಯಿತು, ಹನ್ನೆರಡನೆಯದಕ್ಕೆ ಸಾಲಲಿಲ್ಲ.
ಗೆದ್ದರು. ಮತ್ತೆ ನೀಲಿಯನ್ನು ಯಾರೂ ಕೇಳಲಿಲ್ಲ.
ಸೋತಿದ್ದರೆ ಬೊನವೆಂಚರ್ ಸರ್
ಈ ದಿನ ನೀಲಿಗಾಗಿ ಊರುಗೋಲು ಎತ್ತುತ್ತಿದ್ದರು.

ಫೈನಲ್‌ಗೆ ನೆಹರೂ ಮೈದಾನಕ್ಕೆ ಹೊರಡುವಾಗ
ಹಳೆಯ ಗೋಣಿಯನ್ನೂ ರಿಕ್ಷಾಕ್ಕೆ ಹಾಕಿದೆ.
ಅಭ್ಯಾಸ, ಬೇರೆ ಎಂತದ್ದೂ ಇಲ್ಲ.
ಅಲ್ಲಿ ನೋಡಿದರೆ
ಅಜ್ಜನ ಕಾಲದಿಂದ ಬಿಳಿ ಹಾಕುವ ಆ ಕಾಲೇಜಿನವರೂ
ಹೊಸತು ಹೊಲಿಸಿಕೊಂಡು ಬಂದಿದ್ದಾರೆ. ಕಪ್ಪು.
ಇಪ್ಪತ್ತೆರಡು ಕಾಗೆ.
ರೆಫ್ರಿ ನಕ್ಕು ನಾಣ್ಯ ಹಾರಿಸಿದ. ನಾವು ಸೋತೆವು.
ನಾನು ಗೋಣಿ ಬಿಚ್ಚಿದೆ.

ಗ್ಯಾಲರಿಯಲ್ಲಿ ಹಳಬರು ಎದ್ದು ನಿಂತು ಚಪ್ಪಾಳೆ:
"ಕಡೆಗೂ ನ್ಯಾಯ ಗೆದ್ದಿತು!"
ನ್ಯಾಯ ಅಲ್ಲ ಮಾರಾಯ್ರೆ, ನಾಣ್ಯ.

ಏಳನೇ ನಂಬರಿನ ಕಾಲರಿನೊಳಗೆ
ಅದನ್ನು ತೊಟ್ಟವರೆಲ್ಲ ಪೆನ್ನಿನಲ್ಲಿ ಗೀಚಿದ ಹೆಸರು,
ಒಂದರ ಮೇಲೊಂದು, ಓದಲಿಕ್ಕೆ ಆಗುವುದು ಎರಡೋ ಮೂರೋ.
ಹೊಸತರಲ್ಲಿ ಪೆನ್ನು ಹಿಡಿಯುವುದಿಲ್ಲ, ಸಿನಾನ್ ನೋಡಿದ್ದಾನೆ.
ತಲೆ ತೂರಿಸುವ ಮೊದಲು ಸ್ವಲ್ಪ ಹೊತ್ತು ಕಾಲರನ್ನೇ ಹಿಡಿದು ನಿಂತ.
"ತುರಿಸ್ತದೆ ಇದು" ಎಂದ. ಹಾಕಿಕೊಂಡ.

ಎರಡು ಒಂದರಲ್ಲಿ ಸೋತೆವು.
ಆ ಒಂದು ಸಿನಾನನದ್ದು, ಎಡಗಾಲಿನದ್ದು;
ಬೊನವೆಂಚರ್ ಸರ್‌ಗೆ ಅಷ್ಟೇ ಸಾಕಾಯಿತು.
ಬಾಳಿಗರು ಕೋನ್ ಕಾಣದ ಸಿಟ್ಟಿನಲ್ಲೂ
ಎಲ್ಲರಿಗೂ ಐಸ್‌ಕ್ರೀಮ್ ಕಳಿಸಿದರು.

ಈ ಬೆಳಿಗ್ಗೆ ಎರಡು ಬಾಲ್ದಿ ಇಟ್ಟೆ.
ಕಪ್ಪು ಅಂಗಿ ನೀರಿಗೆ ಏನನ್ನೂ ಕೊಡಲಿಲ್ಲ.
ಹೊಸತು, ಅದಕ್ಕಿನ್ನೂ ನಮ್ಮ ಗುರುತಿಲ್ಲ.
ಇನ್ನೊಂದರಲ್ಲಿ ಎಂದಿನ ಶರಬತ್ತು.
ಏಳನೆಯದರ ಎದೆಯಲ್ಲಿ ಪಿಸ್ತಾದ ಕಲೆ, ಹಸಿರು.
ಎರಡು ಸಲ ತಿಕ್ಕಿದೆ.
ಹೋಗಲಿಲ್ಲ.
ಹಾಗೇ ಹಗ್ಗಕ್ಕೆ ಹಾಕಿದೆ.