ಕೋಳಿ ಲೆಕ್ಕದಾಗ ಇಲ್ಲ

ಶಿವೋಲಿಯಾಗ ಕಿಟೇರಿಯಾ ಬಾಯಿಯ ಹಿತ್ತಲಕ್ಕ
ನಾ ಹೋಗಿದ್ದು ಗೇಟಿನ ಕೀಲು ವೆಲ್ಡ್ ಮಾಡಾಕ.
ಗೇರುಮರದ ಬುಡಕ್ಕ ಒಂದು ಉಬ್ಬು ಬೆನ್ನು,
ಎಮ್ಮಿ ಮಲಗೇತಿ ಅನ್ಕೊಂಡೆ.
ಬಡಿದು ನೋಡಿದರ ಟೊಳ್ಳು ಸಪ್ಪಳ.
ಮೂವತ್ತು ವರ್ಷ ಡೆಂಟ್ ತೆಗೆದ ಬೆರಳಿಗೆ
ತಗಡಿನ ವಯಸ್ಸು ತಿಳೀತೈತಿ,
ಮಾವಿನಹಣ್ಣು ಒತ್ತಿ ನೋಡಿದಂಗ.

ಅದಾ? ಕೋಳಿಗೂಡು, ಅಂದ್ಳು ಬಾಯಿ.
ಮೊದಲು ಅದು ಮನಿ ಆಗಿತ್ತಂತ.
ಎಪ್ಪತ್ತೊಂದರಾಗ ಜೀಪಿನ ಬಾಲಕ್ಕ ಕಟಗೊಂಡು
ಗಂಡ ಹೆಂಡ್ತಿ ಬಂದಿದ್ರಂತ, ಬಿಳೇರು, ಬರಿಗಾಲಿನವರು.
ಎರಡು ಮಳಿಗಾಲ ಬಾಡಿಗಿ ಕೊಡಲಿಲ್ಲ,
ಮೂರನೇದಕ್ಕ ಜೀಪು ಮಾರಿ ವಿಮಾನ ಹತ್ತಿದ್ರು,
ಬಾಡಿಗಿ ಬದ್ಲಿ ಇದನ್ನ ಬಿಟ್ರು.
ಆಮ್ಯಾಲ ಅದರಾಗ ಫೆನ್ನಿ ಗಡಗಿ ಇಟ್ಟಳು, ಆಮ್ಯಾಲ ತೆಂಗಿನಕಾಯಿ,
ಆಮ್ಯಾಲ, ಸಿಟ್ಟು ಬಂದಾಗೊಮ್ಮೆ, ಗಂಡನ್ನ.
ಈಗ ಕೋಳಿ.
ಶುಕ್ರವಾರ ಗುಜರಿಯವ ಬರ್ತಾನ, ಕಿಲೋ ಲೆಕ್ಕ.

ಶುಕ್ರವಾರಕ್ಕ ಎರಡು ದಿನ ಇತ್ತು.
ಕಸ್ತೂರೆವ್ವನ ಚೀಟಿ ದುಡ್ಡು ಮನ್ಯಾಗಿತ್ತು, ಹನ್ನೊಂದು ಸಾವಿರ,
ಹೊಲಿಗಿ ಮಷೀನಿಗಂತ ಎತ್ತಿಟ್ಟದ್ದು.
ಹೆಂಗ ಕೇಳಿದೆ, ಆಕಿ ಏನಂದ್ಳು,
ಅದನ್ನ ಇಲ್ಲಿ ಬರಿಯೂದಿಲ್ಲ.
ಕೊಟ್ಟಳು. ಅಷ್ಟ.

ಗೇರಿನ ಬೇರು ಅಚ್ಚಿಗೆ ಎರಡು ಸುತ್ತು ಹಾಕಿತ್ತು,
ಗಾಲಿ ಹೊಟ್ಟಿಮಟ ಕೆಂಪುಮಣ್ಣಾಗ.
ದುರ್ಗಪ್ಪ ಗರಗಸ ಹಿಡದು ಮಲಗಿದ,
ನಾ ಜಾಕ್ ಹಚ್ಚಿದೆ, ಕಲ್ಲು ಒಡ್ಡಿದೆ,
ಗೆದ್ದಲು ತಿಂದ ನೆಲ ಬಿಸ್ಕೀಟಿನಂಗ ಮುರೀತು.
ಕಪಾಟಿನ ಬಾಗಿಲ ಒಳಮೈಗೆ ಪೆನ್ಸಿಲ್ಲಿನಾಗ ಊರುಗಳ ಸಾಲು.
ಇಂಗ್ಲಿಷು ನಾ ಕೂಡಿಸಿ ಕೂಡಿಸಿ ಓದಾಂವ:
ಎರ್ಜುರುಮ್, ಹೆರಾತ್, ಕಂದಹಾರ್, ಲಾಹೋರ್,
ಕೆಳಗ ಕೆಳಗ, ಎರಡು ಸಲ ತಿದ್ದಿ ಬರೆದದ್ದು,
ಹುನಗುಂದ.
ನನ್ನ ತಾಲೂಕು.

ಕೆಳಗ ತೂರಿ ಬ್ಯಾಟರಿ ಬಿಟ್ಟೆ.
ಎಡಗಡೆ ಪಾಟಾ ಮುರಿದಲ್ಲೆ ಬಿಗಿದ ಪಟ್ಟಿ
ಕಂಪನೀದಲ್ಲ:
ಚಕ್ಕಡಿ ಹಳಿ ಕಾಸಿ, ಬಗ್ಗಿಸಿ, ನೀರಿಗೆ ಅದ್ದಿದ್ದು.
ಸುತ್ತಿಗಿ ಏಟು ಎಣಿಸಬಹುದು,
ಎಲ್ಲಾ ಒಂದು ಕಡೆ ವಾಲ್ಯಾವ, ಎಡಗೈಯವ ಇರಬೇಕು.
ನಮ್ಮಜ್ಜ ಅನ್ನಾಕ ಇದೇನು ಸಿನಿಮಾ ಅಲ್ಲ,
ನಮ್ಮಜ್ಜ ಕಂಬಳಿ ನೇಯ್ದವ.
ಯಾರೋ ಒಬ್ಬ, ಮುಂದಿನ ಊರುಮಟ ತಾಳಲಿ ಅಂತ
ಅವಸರದಾಗ ಬಡದದ್ದು
ಐವತ್ತು ವರ್ಷ ಹೊಟ್ಟಿ ನೆಲಕ್ಕ ಹತ್ತಗೊಡದ
ಹಿಡಕೊಂಡು ಕುಂತೈತಿ.

ಹಳೇ ಓಮ್ನಿಯ ಎರಡು ಗಾಲಿ ಎರವಲು ತಂದು
ಟೆಂಪೋದ ಹಿಂದ ಕಟ್ಟಿ ಮಾಪುಸಾಕ್ಕ ಹೊಂಟ್ವಿ,
ಎಮ್ಮಿ ನಡಿಗ್ಯಾಗ.
ತಿರುವಿನಾಗ ಪೊಲೀಸ ಕೈ ತೋರಿಸಿದ:
ಕಾಗದ? ನಂಬರು? ಯಾವ ರಾಜ್ಯದ್ದು?
ಅವನ ಕಣ್ಣು ಗಾಡಿ ಮ್ಯಾಲೂ ಇತ್ತು, ನನ್ನ ಮ್ಯಾಲೂ.
ಕೋಳಿಗೂಡು ಸಾಹೇಬರ, ಅಂದೆ.
ಒಳಗಿಂದ ಖರೇನ ಒಂದು ಕೊಕ್ಕ್ ಅಂತು.
ಬಿಟ್ಟ.

ಈಗ ಗ್ಯಾರೇಜಿನ ಮೂಲ್ಯಾಗ ನಿಂತೈತಿ, ಬರೀ ಎಲುಬು.
ತಗಡು ಬಿಚ್ಚಿ ಗ್ವಾಡಿಗೆ ಆನಿಸೇನಿ, ಒಂದೊಂದಕ್ಕೂ ಸುಣ್ಣದಾಗ ನಂಬರು.
ಹೊಸ ಪಾಟಾ ತರಿಸೇನಿ, ಬಲಗಡೆಗೆ ಅಷ್ಟ.
ಯಾರಿಗೆ ಮಾರ್ತಿ ಅಂತಾನ ದುರ್ಗಪ್ಪ.
ಬಣ್ಣ ಯಾವುದು ಅಂತಾಳ ಕಸ್ತೂರೆವ್ವ,
ಮಷೀನಿನ ಮಾತು ತಗೀದಂಗ.
ಕಾಗದದ್ದು ಯಾರೂ ಕೇಳವಲ್ರು, ನಾನೂ ಕೇಳವಲ್ಲೆ.

ನಿನ್ನೆ ಕಿಟೇರಿಯಾ ಬಾಯಿ ಫೋನ್ ಮಾಡಿದ್ಳು:
ಕೋಳಿ ಲೆಕ್ಕದಾಗ ಇರಲಿಲ್ಲ.
ಹೌದ್ರಿ, ಐತವಾರ ತರ್ತೀನಿ, ಅಂದೆ.
ಅದು ಮಾತ್ರ ಇಳೀವಲ್ದು.
ಕಳಚಿಟ್ಟ ಕಪಾಟಿನ ಬಾಗಿಲ ಮ್ಯಾಲ,
ಹೆರಾತಿಗೂ ಲಾಹೋರಿಗೂ ನಡುವ ಕುಂತು
ಮುಂಜಾನೆ ಒಂದು ಇಟ್ಟೈತಿ,
ಮುಟ್ಟಿದರ ಇನ್ನೂ ಬೆಚ್ಚಗ.