ಮೂರನೇ ಹುಕ್ಕು

ಗುತ್ತಲು ರಸ್ತೆಯ ಡಾಕ್ಟರು ಚೀಟಿಯಲ್ಲಿ ಬರೆದದ್ದು ಎಕೋ.
ಅತ್ತೆಗೆ ಕೇಳಿಸಿದ್ದು ಯಾಕೋ.
‘ಯಾಕೋ ಅಂತ ಕೇಳೋಕೂ ದುಡ್ಡು ಕೊಡಬೇಕೇನೆ?’
ಕೊಡಬೇಕು ಅತ್ತೆ.
ಮೂರು ತಿಂಗಳಿಂದ ನಾನೂ ಅದನ್ನೇ ಅನ್ನುತ್ತಿದ್ದೆನಲ್ಲ,
ಯಾಕೋ ಮೆಟ್ಟಿಲು ಹತ್ತಿದರೆ ಏದುಸಿರು,
ಯಾಕೋ ರಾತ್ರಿ ದಿಂಬು ಎರಡು ಬೇಕು,
ಯಾಕೋ ಮಿಷನ್ ತುಳಿದ ಕಾಲು
ಸಂಜೆಗೆ ಬನ್ನಿನ ಹಾಗೆ ಊದುತ್ತೆ.

ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.
ಟಕ್ಕಿಗೂ ಟಕ್ಕಿಗೂ ನಡುವೆ ಒಂದು ಸುಯ್ ಇದೆಯಂತೆ.
ನನಗೆ ತಕ್ಷಣ ಗೊತ್ತಾಯಿತು.
ಬಾಬಿನ್ನಿನಲ್ಲಿ ನೂಲು ಮುಗಿಯುವ ಮೊದಲು
ಮಿಷನ್ನೂ ಹಾಗೇ ಒಂದು ಸದ್ದು ಮಾಡುತ್ತದೆ,
ಪಕ್ಕದಲ್ಲಿ ಕೂತವರಿಗೆ ಕೇಳುವುದಿಲ್ಲ.

ಎಕೋ ಕೋಣೆಯ ಹುಡುಗಿ ವನಜಾಕ್ಷಿ
ಬೆರಳು ಮಡಿಸುತ್ತ ಹೇಳಿದಳು:
ಉಪವಾಸ ಏನೂ ಬೇಡ, ತಿಂಡಿ ತಿಂದೇ ಬನ್ನಿ.
ಬಿಪಿ ಮಾತ್ರೆ ತಪ್ಪಿಸಬೇಡಿ.
ಎದೆಗೆ ಪೌಡರು, ನೋವಿನ ಮುಲಾಮು ಹಚ್ಚಬೇಡಿ.
ಮುಂದೆ ಬಿಚ್ಚೋ ಹಾಗಿರಲಿ ಬಟ್ಟೆ.
ಸರ ಮನೇಲೇ ಬಿಟ್ಟು ಬನ್ನಿ,
ತಾಳಿ ತೆಗೆಯಲ್ಲ ಅಂದರೆ ಹಿಂದಕ್ಕೆ ಹಾಕ್ಕೊಳ್ಳಿ.
ಹಳೇದು ಏನಾದರೂ ಇದ್ದರೆ ತನ್ನಿ.

ಹಳೇದು ಇದ್ದರೆ ತನ್ನಿ! ನಗು ಬಂತು.
ಮೂವತ್ತೊಂದು ವರ್ಷದಿಂದ ಬಾಗಿಲಿಗೆ ಬಂದವರಿಗೆಲ್ಲ
ನಾನು ಹೇಳುವ ಮಾತು ಅದು.
ಅಳತೆಗೆ ಒಂದು ಹಳೇ ರವಿಕೆ ತನ್ನಿ ಕಣಮ್ಮ,
ಮೈ ಬದಲಾಗಿರುತ್ತೆ, ಆದರೂ ತನ್ನಿ.
ನನ್ನ ಎದೆಗೆ ಹಳೇದು ಅಂತ ಇರುವುದು
ಹೋದ ವರ್ಷದ ಇಸಿಜಿ ಒಂದೇ.
ಗುಲಾಬಿ ಚೌಕಳಿ ಕಾಗದದ ಮೇಲೆ
ಈಗಷ್ಟೇ ಕಲಿಯಲು ಬಂದ ಹುಡುಗಿ ಓಡಿಸಿದ ಹೊಲಿಗೆ.
ಅದನ್ನೂ ರೇಷನ್ ಕಾರ್ಡನ್ನೂ ಒಂದೇ ಕವರಿಗೆ ಹಾಕಿಟ್ಟೆ.

ತಾಳಿಯದು ಕಷ್ಟವಲ್ಲ.
ಚಕ್ರಕ್ಕೆ ಸಿಕ್ಕೀತೆಂದು ದಿನಾ
ಬೆನ್ನಿಗೆ ಎಸೆದುಕೊಂಡೇ ತುಳಿಯುವವಳು ನಾನು.
ಕಷ್ಟ ಈ ರವಿಕೆಯದು.
ಮಂಡ್ಯದ ಅರ್ಧ ಪೇಟೆಗೆ ಹುಕ್ಕು ಹಾಕಿದ ಕೈ,
ನನ್ನದರಲ್ಲಿ ಮೇಲಿನಿಂದ ಮೂರನೆಯದು ಇಲ್ಲ.
ಯಾವಾಗ ಹೋಯಿತೋ.
ಆ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು, ಅದಕ್ಕೂ ತುಕ್ಕು.
ಸೆರಗಿನಡಿ ಯಾರು ನೋಡ್ತಾರೆ ಅಂತ
ಬೀರುವಿನಲ್ಲಿರುವ ಐದಕ್ಕೂ ಇದೇ ಗತಿ.
ನಾಳೆ ವನಜಾಕ್ಷಿ ನೋಡುತ್ತಾಳೆ.
ಒಳಗಡೆ ಏನು ಕಂಡರೂ ಕಾಣಲಿ,
ಟೈಲರಮ್ಮನ ಎದೆಯಲ್ಲಿ ಪಿನ್ನು ಕಾಣಬಾರದು.

ಅತ್ತೆ ಮಲಗಿದ ಮೇಲೆ ಡಬ್ಬಿ ತೆಗೆದೆ.
ಹೊರಗೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು,
ಒಂದೊಂದು ಹೋದಾಗಲೂ ಕಿಟಕಿ, ಕತ್ತರಿ, ನೀರಿನ ಲೋಟ ನಡುಗುವುದು.
ಸೂಜಿಗೆ ನೂಲು ಮೂರು ಸಲ ತಪ್ಪಿತು.
ಇನ್ನೊಬ್ಬರದಾದರೆ ನಾಲ್ಕು ಸುತ್ತು, ಗಂಟು, ಮುಗಿಯಿತು.
ನನ್ನದಕ್ಕೆ ಎಂಟು ಹಾಕಿದೆ.
ಕಾಜವೂ ಸಡಿಲಾಗಿತ್ತು, ಅದನ್ನೂ ಬಿಗಿದೆ.
ತೊಟ್ಟು ನೋಡಿದೆ. ಹಾಕಿ, ಬಿಚ್ಚಿ, ಮತ್ತೆ ಹಾಕಿ.
ಬೆರಳ ಕೆಳಗೆ ಅದು ಹೊಡೆದುಕೊಳ್ಳುತ್ತಲೇ ಇತ್ತು,
ಇಷ್ಟು ವರ್ಷ ನನ್ನ ಜೊತೆಗೇ ಮಿಷನ್ ತುಳಿದ
ಇನ್ನೊಂದು ಕಾಲಿನ ಹಾಗೆ.

ಎಡಕ್ಕೆ ತಿರುಗಿ ಮಲಗಬೇಕಂತೆ,
ತಣ್ಣನೆಯ ಅಂಟು ಹಚ್ಚುತ್ತಾರಂತೆ,
ಉಸಿರು ಹಿಡೀರಿ ಅಂದಾಗ ಹಿಡಿಯಬೇಕಂತೆ.
ಚಾಪೆಯ ಮೇಲೆ ಒಂದು ಸಲ ಅಭ್ಯಾಸ ಮಾಡಿದೆ,
ಎಡಗೈ ತಲೆಯಡಿಗೆ, ಕಣ್ಣು ಗೋಡೆಗೆ.
ಬಿಡೀರಿ ಅನ್ನಲು ಯಾರೂ ಇರಲಿಲ್ಲ. ನಾನೇ ಬಿಟ್ಟೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.
ಹಿಂದಿನ ಬೀದಿಯ ನಿಂಗಾಜಮ್ಮನ ಮಗಳು.
‘ಅಕ್ಕಾ, ನಾಳೆ ಕೊಡ್ತೀನಿ ಅಂದಿದ್ರಿ,
ಶುಕ್ರವಾರ ಸೀಮಂತ.’
ನಾಳೆ ಆಗಲ್ಲ ಕಣವ್ವ, ನಾಳೆ ನಂದೇ ಟ್ರಯಲ್ಲು.
ಅವಳಿಗೆ ತಿಳಿಯಲಿಲ್ಲ, ಮುಖ ನೋಡುತ್ತ ನಿಂತಳು.
ನಾಡಿದ್ದು ಬೆಳಿಗ್ಗೆ ಬಾ ಅಂದೆ,
ಎಲ್ಲ ಆಗಿದೆ,
ಹುಕ್ಕೊಂದೇ ಬಾಕಿ.