ಜಾಬ್ ಟೈಪಿಂಗ್, ತೀನ್ ಕಂದೀಲ್ ಹತ್ತಿರ

ಎ ಅಕ್ಷರ ಎರಡು ಸಲ ಒತ್ತಿದರೇ ಮೂಡುವ ಮಷೀನು ನನ್ನದು.
ಅಫಿಡವಿಟ್ಟು, ಬಾಡಿಗೆ ಕರಾರು, ಜಾತಿ ಸರ್ಟಿಫಿಕೇಟಿನ ಅರ್ಜಿ,
ಇವುಗಳಲ್ಲಿ ಯಾರೂ ಯಾರ ಉಪಕಾರವನ್ನೂ ನೆನೆಯುವುದಿಲ್ಲ.
ಹೀಗಾಗಿ ಹುಸೇನಮ್ಮ ಬಂದು
"ಒಂದು ಥ್ಯಾಂಕ್ಸಿನ ಕಾಗದ ಬಡದು ಕೊಡವಾ, ಇಂಗ್ಲೀಷಿನಾಗ" ಅಂದಾಗ
ರಿಬ್ಬನ್ನು ತಿರುಗಿಸುವ ನೆಪದಲ್ಲಿ ಸುಮ್ಮನೆ ಕೂತೆ.

ಜಿನ್ನಿಂಗ್ ಮಿಲ್ಲಿನಿಂದ ನೇರ ಬಂದಿದ್ದಳು.
ಹುಬ್ಬಿನ ಮೇಲೆ ಹತ್ತಿ, ಕಿವಿಯೊಳಗೆ ಹತ್ತಿ.
ಮೇ ತಿಂಗಳ ಎರಡು ಗಂಟೆ,
ಡಾಂಬರು ಚಪ್ಪಲಿ ಬಿಡದ ಹೊತ್ತು.

ಕಾಗದ ಲಿನ್ಸಿ ಸಿಸ್ಟರಿಗೆ. ದೊಡ್ಡಾಸ್ಪತ್ರೆ. ಕೇರಳದಾಕಿ.
ಬರುವ ಸೋಮವಾರ ಕೆಲಸ ಬಿಟ್ಟು ಊರಿಗೆ ಹೋಗುತ್ತಾಳಂತೆ.
"ಆಕಿಗೆ ಕನ್ನಡ ಬರಂಗಿಲ್ಲ.
ಊಟ, ನೀರು, ಅಳಬ್ಯಾಡ. ಇಷ್ಟ ಬರ್ತಾವು."

ಥ್ಯಾಂಕ್ಯೂ ಅಂತ ಹೊಡೆಯಲೇ?
"ಅದು ಚಿಲ್ಲರ ಕೊಟ್ಟ ಕಂಡಕ್ಟರಿಗೂ ಅಂತಾರಲ್ಲ.
ನನ್ನ ಮೊಮ್ಮಗ ಹುಟ್ಟಿದಾಗ ಒಂದೂಕಾಲು ಕೇಜಿ ಇದ್ದ."
ಆಬ್ಲೈಜ್ಡ್ ಅಂತ ಒಂದಿದೆ, ಸಾಹೇಬರಿಗೆ ಬರೆಯುವುದು,
ಬೆನ್ನು ಬಾಗಿಸಿದ ಪದ.
"ಬ್ಯಾಡ. ಆಕಿ ನನಗ ಕುರ್ಚಿ ಹಾಕಿ ಕುಂದ್ರಿಸಿದಾಕಿ."
ಇಂಡೆಟೆಡ್ ಅಂದರೆ ಋಣ.
"ಋಣ ಖರೇನ. ಆದ್ರ ಸಾಲದ ಮಾತು ಕಾಗದದಾಗ ಬಂದ್ರ
ಬ್ಯಾಂಕಿನ ನೋಟೀಸು ಆಗತೈತಿ."

ಸಿಟ್ಟು ಬಂತು. ನಿನ್ನ ಬಾಯಿಗೆ ಏನು ಬರುತ್ತದೆ,
ಅದನ್ನೇ ಹೇಳು, ಅಂದೆ.
ಉಸಿರೂ ತೆಗೆದುಕೊಳ್ಳಲಿಲ್ಲ:
"ಯವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ."

ಬೆರಳು ನಿಂತವು.
ಹೊಟ್ಟೆಗೆ ಸ್ಟಮಕ್, ತಣ್ಣಗೆಗೆ ಕೋಲ್ಡ್.
ಜೋಡಿಸಿದರೆ ಔಷಧಿ ಅಂಗಡಿಯ ಚೀಟಿ.
ಇಂಗ್ಲಿಷಿನವರದು ಚಳಿ ದೇಶ ಹುಸೇನಮ್ಮ,
ಅವರು ಉಪಕಾರ ನೆನೆದರೆ ಬೆಚ್ಚಗಿರುತ್ತದೆ:
ವಾರ್ಮ್ ಥ್ಯಾಂಕ್ಸ್, ವಾರ್ಮ್ ರಿಗಾರ್ಡ್ಸ್.
ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ನಕ್ಕಳು, ಹತ್ತಿ ಹಾರುವಂತೆ.
"ರಾಯಚೂರಾಗ ಯಾರಿಗರ ಬೆಚ್ಚಗಂದು ಕೊಡ್ತಾರೇನವಾ?
ಬೈದಂಗ ಅಲ್ಲೇನು?"

ನಗು ಪೂರ್ತಿ ಆಗಲಿಲ್ಲ, ನಡುವೆ ನಿಂತಿತು.
ಗಾಜಿನ ಪೆಟ್ಟಿಗೆ ಇತ್ತು, ಅಂದಳು.
ಹತ್ತೊಂಬತ್ತು ದಿನ. ವಾರ್ಡಿನ ತುಂಬ ಎಲ್ಲರೂ ಬೆವರಲ್ಲಿ ಕುದಿಯುತ್ತಿದ್ದರೆ
ಅವನೊಬ್ಬನಿಗೆ ಚಳಿ.
ಒಂದು ರಾತ್ರಿ ಕರೆಂಟು ಹೋಯಿತು.
ಸಿಸ್ಟರು ಅವನನ್ನು ಎತ್ತಿ, ಮಗಳ ಕುಪ್ಪಸದೊಳಗೆ,
ಎದೆಗೆ ಎದೆ ತಾಗಿಸಿ ಕಟ್ಟಿ,
ಮೇಲೆ ತನ್ನ ಸ್ವೆಟರು ಹೊದಿಸಿ, ಬೆಳಗಿನ ತನಕ ಪಕ್ಕದಲ್ಲಿ ನಿಂತಳು.
"ಈ ಊರಿಗೆ ಸ್ವೆಟರು ತಂದಾಳ ನೋಡು, ಹುಚ್ಚಿ."

ಆಮೇಲೆ, "ಬರಿ," ಅಂದಳು.
"ಆ ವಾರ್ಮ್ ಅಂಬೋದನ್ನೂ ಬರಿ. ನಂದೂ ಬರಿ."

ಹೊಡೆದೆ. ಮೊದಲ ಸಾಲಿಗೆ ಅವರ ಬಿಸಿ.
ಎರಡನೆಯದಕ್ಕೆ ಮೇ ಯುವರ್ ಸ್ಟಮಕ್ ಬಿ ಕೂಲ್,
ಎ ಬಂದಲ್ಲೆಲ್ಲ ಎರಡೆರಡು ಸಲ ಒತ್ತಿ.
ವ್ಯಾಕರಣ ತಪ್ಪಿಲ್ಲ. ಅರ್ಥ ಎಲ್ಲಿ ಹೋಗಿ ಇಳಿಯುತ್ತದೋ.
ಕೋಲ್ಡ್ ತೆಗೆದು ಕೂಲ್ ಹಾಕಿದ್ದಷ್ಟೇ
ಇಪ್ಪತ್ತಾರು ವರ್ಷದ ನನ್ನ ಕಸುಬು.

ಹದಿನೈದು ರೂಪಾಯಿ, ಅಂದೆ. ಹತ್ತು ಎಣಿಸಿ ಇಟ್ಟಳು.
ಕಾಗದವನ್ನು ರವಿಕೆಯಲ್ಲಿ ಮಡಚಿಟ್ಟಳು.
ನನಗೆ ಏನೂ ಅನ್ನಲಿಲ್ಲ.
ಬಿಸಿಲು ನನ್ನ ಮೊಣಕಾಲಿಗೆ ಬಂದಿದ್ದು ನೋಡಿ
ತಾಡಪತ್ರಿಯ ಹಗ್ಗ ಬಿಚ್ಚಿ, ಒಂದು ಗೇಣು ಕೆಳಗೆ ಜಗ್ಗಿ,
ಗಂಟು ಹಾಕಿ ಹೋದಳು.